ಐದು ಗಂಟೆಯ ಪೊಟ್ಟಣ

ರಾಜ್ಯಗಳು ಮುಳುಗಿದ್ದೇಕೆ, ಸೇನೆಗಳು ಸೋತದ್ದೇಕೆ, ಹಡಗುಗಳು ಬಂಡೆಗೆ ಬಡಿದದ್ದೇಕೆ ಎಂದು ಪಂಡಿತರು ಹುಡುಕಿ ಹುಡುಕಿ ದಿಂಬಿನಷ್ಟು ದಪ್ಪದ ಗ್ರಂಥಗಳನ್ನು ಬರೆದಿದ್ದಾರೆ. ಆದರೆ ಒಬ್ಬ ಮನುಷ್ಯ ಒಂದು ಸಂಜೆ ಮನೆಗೆ ಹೋಗುವ ಆತುರದಲ್ಲಿ ಒಂದು ಸಾಲನ್ನು ಅಳಿಸಿದ್ದರ ಬಗ್ಗೆ ಈವರೆಗೆ ಯಾರೂ ಬರೆದಂತಿಲ್ಲ. ಆ ಕೊರತೆಯನ್ನು ನೀಗಿಸುವ ಗುರುತರ ಹೊಣೆ ಈಗ ನಮ್ಮ ಹೆಗಲ ಮೇಲೆ ಬಿದ್ದಿದೆ.

ಸಾಲು ಚಿಕ್ಕದು. ಎಣಿಸಿದರೆ ಹನ್ನೊಂದು ಅಕ್ಷರ. ಅಳಿಸಿದವನನ್ನು ಆಫೀಸಿನಲ್ಲಿ ಎಲ್ಲರೂ 'ಪೊಟ್ಟಣ' ಎಂದು ಕರೆಯುತ್ತಿದ್ದರು.

ಹೆಸರು ಬಂದದ್ದು ಕೆಲಸದಿಂದ. ಅವನ ಆಫೀಸು ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡುತ್ತಿತ್ತು. ಆದರೆ ಬಾಡಿಗೆ ಕಂಪ್ಯೂಟರನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗುವಂತಿರಲಿಲ್ಲ, ಏಕೆಂದರೆ ಅವು ಇರಲೇ ಇಲ್ಲ. ಇದ್ದದ್ದು ಕೆಳಮಹಡಿಯ ತಣ್ಣನೆಯ ಕೋಣೆಯಲ್ಲಿ ಎಂಟು ದೊಡ್ಡ ಯಂತ್ರಗಳು, ಮತ್ತು ಒಂದೊಂದರ ಹೊಟ್ಟೆಯಲ್ಲೂ ಐವತ್ತು ಚಿಲ್ಲರೆ ಕಾಲ್ಪನಿಕ ಯಂತ್ರಗಳು. ಆಫೀಸಿನ ಭಾಷೆಯಲ್ಲಿ ಅವು 'ಅತಿಥಿಗಳು'. ಪ್ರತಿಯೊಂದು ಅತಿಥಿಯೂ ಮಾವನ ಮನೆಗೆ ಬಂದ ಹೊಸ ಅಳಿಯನಂತೆ, ಇಡೀ ಮನೆ ತನ್ನೊಬ್ಬನಿಗಾಗಿಯೇ ಇದೆ ಎಂದು ನಂಬಿಕೊಂಡು ಹಾಯಾಗಿತ್ತು. ಒಟ್ಟು ನಾನೂರ ಹನ್ನೆರಡು ಅತಿಥಿಗಳು. ಒಂದರಲ್ಲಿ ಹಲ್ಲಿನ ಡಾಕ್ಟರ ರೋಗಿಗಳ ಕಡತ, ಒಂದರಲ್ಲಿ ಒಂದು ಶಾಲೆಯ ಅಂಕಪಟ್ಟಿ, ಮತ್ತೊಂದರಲ್ಲಿ ಪೊಟ್ಟಣನ ಷಡ್ಡಕನ ಕನ್ನಡಕದಂಗಡಿಗೆ ಒಂಬತ್ತು ವರ್ಷಗಳಿಂದ ಬಂದುಹೋದವರ ಕಣ್ಣಿನ ನಂಬರು.

ಈ ಅತಿಥಿಗಳಿಗೆ ಉಪಚಾರ ಬೇಕಲ್ಲ? ಗಡಿಯಾರ ಸರಿಮಾಡಿಕೊಳ್ಳಲು ಒಂದು, ಎಷ್ಟು ಜಾಗ ಉಳಿದಿದೆ ಎಂದು ನೋಡಲು ಒಂದು, 'ನಾನಿನ್ನೂ ಬದುಕಿದ್ದೇನೆ' ಎಂದು ಹೊತ್ತ ತಾಯಿಯಂಥ ದೊಡ್ಡ ಯಂತ್ರಕ್ಕೆ ಹೇಳಲು ಒಂದು, ಹೀಗೆ ಹನ್ನೆರಡು ಪುಟ್ಟ ಪುಟ್ಟ ಕಮಾಂಡುಗಳು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಒಂದು ಪದ ಟೈಪಿಸಿದರೆ ಒಂದು ಕೆಲಸ. ಇವನ್ನೆಲ್ಲ ಒಟ್ಟುಮಾಡಿ, ಹೇಗೆ ಬಿಚ್ಚಿಕೊಳ್ಳಬೇಕು ಎಂಬ ಚೀಟಿಯನ್ನು ಒಳಗಿಟ್ಟು, ಒಂದು ಪ್ಯಾಕೇಜು ಕಟ್ಟಿ, 'ಕಪಾಟು' ಎಂದು ಕರೆಯುವ ಜಾಗದಲ್ಲಿಡುವುದು ಅವನ ಕೆಲಸ. ದಿನವೂ ಸಂಜೆ ಐದು ಗಂಟೆಗೆ ಅತಿಥಿಗಳು ತಾವಾಗಿಯೇ ಕಪಾಟಿಗೆ ಬಂದು, ಹೊಸದಿದ್ದರೆ ಎತ್ತಿಕೊಂಡು, ಚೀಟಿಯಲ್ಲಿ ಬರೆದಂತೆ ಚಾಚೂ ತಪ್ಪದೆ ನಡೆದುಕೊಳ್ಳುವ ಏರ್ಪಾಡು. ಆರು ವರ್ಷಗಳಲ್ಲಿ ಎಪ್ಪತ್ಮೂರು ಪೊಟ್ಟಣ ಕಟ್ಟಿದ್ದ. ಒಂದೇ ಒಂದು ದೂರು ಬಂದಿರಲಿಲ್ಲ. "ಕೆಲಸ ಅಂದ್ರೆ ಹೀಗಿರಬೇಕು, ಆಗಿದ್ದೇ ಗೊತ್ತಾಗಬಾರದು" ಎಂದು ಸಾಹೇಬರು ಒಮ್ಮೆ ತುಂಬಿದ ಸಭೆಯಲ್ಲಿ ಹೊಗಳಿದ್ದರು. ಆ ಮಾತನ್ನು ಅವನು ಹೆಂಡತಿಗೆ ಎಂಟು ಸಲ ಹೇಳಿದ್ದ.

ಆ ಬೆಳಿಗ್ಗೆ ಏಳೂವರೆಗೆ, ಬಾಯಲ್ಲಿ ಬ್ರಷ್ಷು ಇರುವಾಗ, ಅವನಿಗೆ ಹಿಂದಿನ ಸಂಜೆಯ ಎಪ್ಪತ್ನಾಲ್ಕನೆಯ ಪೊಟ್ಟಣ ನೆನಪಾಯಿತು.

ಚೀಟಿಯಲ್ಲಿ ಎರಡು ಸಾಲುಗಳಿದ್ದವು. 'ಹಳೆಯ ಸಾಮಾನು ಇರುವ ಜಾಗ ಇಂಥದು' ಎನ್ನುವುದು ಮೇಲಿನ ಸಾಲು. 'ಆ ಜಾಗದಲ್ಲಿರುವುದನ್ನೆಲ್ಲ ತೆಗೆದುಹಾಕು' ಎನ್ನುವುದು ಕೆಳಗಿನದು. ಚೀಟಿಯನ್ನು ಚೊಕ್ಕ ಮಾಡುವ ಉಮೇದಿನಲ್ಲಿ, ಉಪಯೋಗವಿಲ್ಲದ್ದೆಂದು ಬಗೆದು, ಅವನು ಮೇಲಿನ ಸಾಲನ್ನು ಅಳಿಸಿದ್ದ. ಈಗ ಉಳಿದದ್ದು ಕೆಳಗಿನದೊಂದೇ. ಕೆಲಸದಾಕೆಗೆ 'ಮೂಲೆಯಲ್ಲಿರೋ ಕಸ ಎಲ್ಲ ಆಚೆ ಹಾಕಮ್ಮ' ಎನ್ನುವ ಬದಲು 'ಇರೋದೆಲ್ಲ ಆಚೆ ಹಾಕಮ್ಮ' ಎಂದಂತೆ. ಕೆಲಸದಾಕೆಯಾದರೆ ಒಂದು ಮಾತು ಕೇಳಿಯಾಳು. ಯಂತ್ರ ಕೇಳುವುದಿಲ್ಲ. ಮಂಚ, ಬೀರು, ತೊಟ್ಟಿಲು, ತೊಟ್ಟಿಲಲ್ಲಿರುವ ಮಗು, ಎಲ್ಲವನ್ನೂ ಬೀದಿಗೆ ಹಾಕಿ, ಕೊನೆಗೆ ಪೊರಕೆಯನ್ನೂ ಎಸೆದು, 'ಆಯ್ತು' ಎನ್ನುತ್ತದೆ.

ಪೊಟ್ಟಣನ ಗಂಟಲಿಗೆ ನೊರೆ ಇಳಿಯಿತು.

"ಏನ್ರೀ, ನುಂಗಿಬಿಟ್ರಾ?" ಹೆಂಡತಿ ಬೆನ್ನು ಗುದ್ದಿದಳು.

"ಇವತ್ತು ಸಂಜೆ ಐದಕ್ಕೆ," ಎಂದ ಪೊಟ್ಟಣ.

"ಐದಕ್ಕೆ ಏನು?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ನೋಡಿ, ಭಾವ ಸಂಜೆ ಅಂಗಡಿಗೆ ಬಾ ಅಂದಿದಾರೆ, ನಿಮ್ಮ ಕನ್ನಡಕದ ನಂಬರ್ ಅವರ ಕಂಪ್ಯೂಟರಲ್ಲಿ ಇದ್ಯಂತೆ. ನಿಮ್ಮ ಆಫೀಸಿಂದ ತಗೊಂಡಿದ್ದು ತುಂಬಾ ಚೆನ್ನಾಗಿದೆ, ಒಂದು ದಿನ ತೊಂದ್ರೆ ಕೊಟ್ಟಿಲ್ಲ ಅಂತ ನಿನ್ನೆ ಎಲ್ಲರೆದುರು ಹೇಳ್ತಿದ್ರು."

ಪೊಟ್ಟಣ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ನಿನ್ನೆ ಪೊಟ್ಟಣವನ್ನು ಕಪಾಟಿನಲ್ಲಿಟ್ಟಾಗ ಐದು ಗಂಟೆ ದಾಟಿ ನಾಲ್ಕು ನಿಮಿಷವಾಗಿತ್ತು. ಆ ನಾಲ್ಕು ನಿಮಿಷ ಅವನಿಗೆ ಒಂದು ದಿನದ ಜೀವದಾನ ಕೊಟ್ಟಿತ್ತು. ಇಂದು ಐದರೊಳಗೆ ಅದನ್ನು ತೆಗೆಯಬೇಕು, ಇಲ್ಲವೆ ಸರಿಮಾಡಿದ್ದೊಂದನ್ನು ಅದರ ಮೇಲಿಡಬೇಕು. ಸಾಹೇಬರಿಗೆ ಹೇಳಿದರೆ ಅವರು ಏನಾದರೂ ದಾರಿ ಹುಡುಕಿಯಾರು. ಆದರೆ ಅವನ ಕಡತದಲ್ಲಿ ಆಗಲೇ ಎರಡು ಮೆಮೊಗಳಿದ್ದವು. ಮೊದಲನೆಯದು ಲಿಫ್ಟಿನಲ್ಲಿ ಗಾಬರಿಯಾಗಿ ಅಪಾಯದ ಗಂಟೆ ಒತ್ತಿದ್ದಕ್ಕೆ. ಎರಡನೆಯದು, ಮುಂದಿನ ವರ್ಷ ಅದೇ ಲಿಫ್ಟು ನಿಜವಾಗಿಯೂ ಕೆಟ್ಟು ನಿಂತಾಗ, ಗಂಟೆ ಒತ್ತದೆ ಎರಡು ಗಂಟೆ ಕಾಲ ಆರು ಜನರೊಂದಿಗೆ ಸುಮ್ಮನೆ ನಿಂತದ್ದಕ್ಕೆ. ಮೂರನೆಯ ಮೆಮೊ ಬಂದರೆ ಕೆಲಸದಿಂದ ಮನೆಗೆ. ಆ ನಿಯಮಕ್ಕೆ ವಿನಾಯಿತಿ ಸಿಕ್ಕವರು ಯಾರೂ ಇರಲಿಲ್ಲ.

ಮೆಟ್ಟಿಲಲ್ಲಿ ಮೇಲಿನ ಮನೆಯ ನಿವೃತ್ತ ಕೋರ್ಟು ಗುಮಾಸ್ತರು ಅಡ್ಡ ನಿಂತಿದ್ದರು. ಮೂವತ್ತೆಂಟು ವರ್ಷ ವಕೀಲರ ಪಾಟೀಸವಾಲುಗಳನ್ನು ಬರೆದುಕೊಂಡು, ಈಗ ತಾವೇ ಕೇಳುವ ಅವಕಾಶಕ್ಕೆ ಹಸಿದಿದ್ದವರು.

"ಮುಖ ಬಿಳಿಚಿದೆ. ನಿಜವೋ ಸುಳ್ಳೋ?"

"ನಿಜ ಸಾರ್, ಆದ್ರೆ..."

"ಕೇಳಿದ್ದಕ್ಕಷ್ಟೇ ಉತ್ತರ ಹೇಳಿ. ತಪ್ಪು ಮಾಡಿದೀರಿ. ಇನ್ನೂ ಯಾರಿಗೂ ಗೊತ್ತಾಗಿಲ್ಲ. ಸರಿ ತಾನೆ?"

ಪೊಟ್ಟಣನ ಚೀಲ ಕೈಜಾರಿತು. ಗುಮಾಸ್ತರಿಗೆ ಅಷ್ಟೇ ಸಾಕ್ಷಿ ಸಾಕಾಗಿತ್ತು. ಅವನ ಭುಜದ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು.

"ಒಂದೇ ಮಾತು ಹೇಳ್ತೀನಿ, ಜೋಪಾನವಾಗಿ ಇಟ್ಕೊಳ್ಳಿ. ಬಾಯಲ್ಲಿ ಏನು ಬೇಕಾದ್ರೂ ಹೇಳಿ, ಆಮೇಲೆ ಹೇಳಿಲ್ಲ ಅನ್ನಬಹುದು. ಕಾಗದದ ಮೇಲೆ ಮಾತ್ರ ಏನೂ ಬಿಡಬೇಡಿ. ನಾನು ನೋಡಿದೀನಲ್ಲ? ಚಾಕು ಇಟ್ಕೊಂಡವನು ಬಿಡುಗಡೆ ಆಗಿ ಹೋಗ್ತಿದ್ದ. ಎಲ್ಲೋ ಮರೆತ ಒಂದು ಚೂರು ಕಾಗದ ಇಟ್ಕೊಂಡವನು ಒಳಗೆ ಹೋಗ್ತಿದ್ದ."

ಈ ಧೈರ್ಯದ ಮಾತು ಕೇಳಿ ಪೊಟ್ಟಣನಿಗೆ ಇದ್ದಬದ್ದ ಧೈರ್ಯವೂ ಹೋಯಿತು.

ಆಫೀಸು ಸೇರಿದವನೇ ತನ್ನ ಮೇಜಿನ ಮುಂದೆ ಕುಳಿತು, ಸರಿಯಾದ ಚೀಟಿಯಿಟ್ಟು ಎಪ್ಪತ್ತೈದನೆಯ ಪೊಟ್ಟಣವನ್ನು ಅರ್ಧ ಗಂಟೆಯಲ್ಲಿ ಕಟ್ಟಿದ. ಕೀಲಿಮಣೆಯನ್ನು ಎಷ್ಟು ಜೋರಾಗಿ ಕುಟ್ಟಿದರೂ ಮೇಜು ಅಲುಗಾಡಲಿಲ್ಲ. ಅದು ಹುಟ್ಟಾ ಕುಂಟು ಮೇಜು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು ಕೈಗೆ ಸಿಕ್ಕಿದ ಕಾಗದವೊಂದನ್ನು ಮಡಚಿ ಅದರ ಕಾಲಿನಡಿ ಸೇರಿಸಿದ್ದ. ಆರು ವರ್ಷಗಳಲ್ಲಿ ಅವನು ಮಾಡಿದ ಕೆಲಸಗಳಲ್ಲಿ ತಕ್ಷಣ ಫಲ ಕಂಡದ್ದು ಅದೊಂದೇ.

ಇನ್ನು ಉಳಿದದ್ದು ಕೀಲಿ. ಕಪಾಟಿಗೆ ಏನೇ ಹೋಗಲಿ, ಅಲ್ಲಿಂದ ಏನೇ ಬರಲಿ, ಸಹಿ ಮೇಡಂ ತಮ್ಮ ಪೆನ್ ಡ್ರೈವಿನ ಕೀಲಿ ಚುಚ್ಚಿ ಪಾಸ್‌ವರ್ಡ್ ಹಾಕಬೇಕು. ಅವರು ಆಫೀಸಿನಲ್ಲೇ ಹಿರಿಯರು. ಒಳಗಿರುವುದನ್ನು ಓದಿ ನೋಡಿ ಸಹಿ ಹಾಕಬೇಕೆಂಬುದು ನಿಯಮ. ಆದರೆ ಮೇಡಂಗೆ ಓದಲು ಪುರುಸೊತ್ತು ಎಲ್ಲಿ? ಬೆಳಿಗ್ಗೆ ಬಂದಾಗ ಶುರುವಾದ ಮಾತು ಸಂಜೆ ಬಸ್ಸು ಹತ್ತುವವರೆಗೆ ಸಾಗುತ್ತಿತ್ತು. ಮಾತಿನ ನಡುವೆ ಉಸಿರೆಳೆದುಕೊಳ್ಳುವಷ್ಟು ಹೊತ್ತಿನಲ್ಲಿ ಸಹಿ ಬಿದ್ದಿರುತ್ತಿತ್ತು. ಪೊಟ್ಟಣ ನಂಬಿದ್ದು ಅದನ್ನೇ.

ಮೇಡಂ ಕುರ್ಚಿ ಖಾಲಿ.

"ರಜ," ಎಂದ ಪಕ್ಕದ ಮೇಜಿನವನು. ಅವನನ್ನು 'ಡಂಗುರ' ಎನ್ನುತ್ತಿದ್ದರು. ಅವನಿಗೆ ಒಂದು ವಿಷಯ ತಿಳಿಯಿತೆಂದರೆ ಅದು ನೋಟೀಸು ಬೋರ್ಡಿಗೆ ಬಂತೆಂದೇ ಲೆಕ್ಕ. "ಹಲ್ಲು ಕೀಳಿಸ್ಕೊಳ್ತಾರಂತೆ, ಎರಡು ಗಂಟೆಗೆ. ಫೋನ್ ಆಫ್ ಮಾಡಿದಾರೆ. ಯಾಕೋ ಪೊಟ್ಟಣ, ಅಷ್ಟೊಂದು ಬೆವರ್ತಿದ್ದೀಯ?"

"ಸೆಕೆ."

"ಎಸಿ ಕೆಳಗೆ ಕೂತು ಸೆಕೆನಾ?"

ಹತ್ತು ನಿಮಿಷದಲ್ಲಿ ಇಡೀ ಮಹಡಿಗೆ ಪೊಟ್ಟಣನಿಗೆ ಹೃದಯದ ತೊಂದರೆ ಎಂದು ತಿಳಿದಿತ್ತು. ಒಬ್ಬರು ನೀರು ತಂದುಕೊಟ್ಟರು. ಒಬ್ಬರು ನಾಡಿ ಹಿಡಿದರು. ಮತ್ತೊಬ್ಬರು ತಮ್ಮ ಚಿಕ್ಕಪ್ಪ ಕೂಡ ಹೀಗೇ ಕೂತಿದ್ದಾಗಲೇ ಹೋದದ್ದು ಎಂದು ನೆನಪಿಸಿಕೊಂಡರು.

ಮಧ್ಯಾಹ್ನದೊಳಗೆ ಪೊಟ್ಟಣ ಸಾಹೇಬರ ಬಾಗಿಲ ತನಕ ನಾಲ್ಕು ಸಲ ಹೋಗಿ ಬಂದ. ನಾಲ್ಕನೆಯ ಸಲ ಸಾಹೇಬರೇ ತಲೆಯೆತ್ತಿ, "ಏನ್ರೀ?" ಎಂದರು.

"ಏನಿಲ್ಲ ಸಾರ್. ನೀವಿದೀರಾ ಅಂತ."

"ಇದೀನಿ."

"ಸರಿ ಸಾರ್."

ಎರಡು ಗಂಟೆಗೆ ಅವನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದ. ಹೊರಕೋಣೆಯಲ್ಲಿ ಮೇಡಂ ಕಾಣಲಿಲ್ಲ. ಒಳಬಾಗಿಲು ತೆರೆದು ಡಾಕ್ಟರು, "ಮುಂದಿನವರು!" ಎಂದರು. ಮೇಡಂ ಒಳಗಿರಬಹುದೆಂದು ಪೊಟ್ಟಣ ನುಗ್ಗಿದ. ಇದ್ದರು. ಪರದೆಯಾಚೆ ಒಂದು ಕುರ್ಚಿಯಲ್ಲಿ, ಇಂಜೆಕ್ಷನ್ ಹಾಕಿಸಿಕೊಂಡು, ಬಾಯಿ ಮರಗಟ್ಟಲು ಕಾಯುತ್ತಾ, ಕೆನ್ನೆ ಹಿಡಿದು ಕೂತಿದ್ದರು.

"ಮೇಡಂ, ಒಂದು ಸಹಿ..."

"ಈ ಕಡೆ, ಈ ಕಡೆ," ಎಂದು ಡಾಕ್ಟರು ಅವನನ್ನು ಇನ್ನೊಂದು ಕುರ್ಚಿಗೆ ತಳ್ಳಿ, ಒಂದು ಪೆಡಲು ಒತ್ತಿದರು. ಕುರ್ಚಿ ಹಿಂದಕ್ಕೆ ಮಲಗಿತು. ಪೊಟ್ಟಣನೂ ಮಲಗಿದ.

"ನಾನು ರೋಗಿ ಅಲ್ಲ ಡಾಕ್ಟ್ರೇ..."

"ಈ ಕುರ್ಚಿ ಮೇಲೆ ಕೂತ್ಕೊಂಡ ಮೇಲೆ ಎಲ್ಲರೂ ಹಾಗೇ ಅಂತಾರೆ. ಬಾಯಿ ತೆಗೀರಿ. ಅಯ್ಯಯ್ಯೋ! ಇದನ್ನ ಇಟ್ಕೊಂಡು ಹೇಗ್ರೀ ಓಡಾಡ್ತಿದೀರಿ? ನಿಮ್ಮ ಹಳೇ ಎಕ್ಸ್-ರೇ ಇರಬೇಕು ನೋಡೋಣ." ಡಾಕ್ಟರು ಕಂಪ್ಯೂಟರ್ ಪರದೆಯತ್ತ ತಿರುಗಿ ಹೆಮ್ಮೆಯಿಂದ ಅದನ್ನು ತಟ್ಟಿದರು. "ಎಂಟು ವರ್ಷದ್ದು, ಊರಿನ ಅರ್ಧ ಜನದ ಹಲ್ಲು ಇದರಲ್ಲಿದೆ. ಈ ಮೇಡಂ ಆಫೀಸಿನ ಕಂಪ್ಯೂಟರೇ. ಕಾಗದ ಎಲ್ಲಾ ಸುಟ್ಟುಬಿಟ್ಟೆ. ಇನ್ನು ಇದೇ ನಂಬಿಕೆ."

ಪೊಟ್ಟಣನ ಬಾಯಿಂದ ಒಂದು ನರಳಿಕೆ ಬಂತು.

"ನೋವಿದೆ ಅಲ್ವಾ? ಹೇಳಿದ್ನಲ್ಲ," ಎಂದು ಡಾಕ್ಟರು ಸೂಜಿ ಚುಚ್ಚಿಯೇಬಿಟ್ಟರು.

ಮುಂದಿನ ಒಂದೂವರೆ ಗಂಟೆಯಲ್ಲಿ ಮೇಡಂ ಒಂದು ಹಲ್ಲು ಕಳೆದುಕೊಂಡರು, ಪೊಟ್ಟಣನ ಒಂದು ಹಲ್ಲಿಗೆ ಸಿಮೆಂಟು ಬಿತ್ತು. ಅವನು ಕಣ್ಣಿನಲ್ಲೇ ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಳ್ಳಲು ನೋಡುತ್ತಿದ್ದ. ಎದ್ದು ಓಡಬಹುದಿತ್ತು, ಆದರೆ ಬಾಯಲ್ಲಿ ಡ್ರಿಲ್ಲು ಇರುವಾಗ ಎದ್ದು ಓಡಿದವರ ಉದಾಹರಣೆ ಅವನಿಗೆ ನೆನಪಾಗಲಿಲ್ಲ.

ಹೊರಗೆ ಬಂದಾಗ ಮಾತಾಡಲು ಇಬ್ಬರಿಗೂ ಬಾಯಿ ಇರಲಿಲ್ಲ. ಮೇಡಂ ಬಾಯಲ್ಲಿ ಹತ್ತಿ; ಪೊಟ್ಟಣನ ತುಟಿ ಯಾರದೋ ತುಟಿಯಂತೆ ಜೋತಿತ್ತು. ಅವನು ಎರಡೂ ಕೈಯಲ್ಲಿ ಪೊಟ್ಟಣ ಕಟ್ಟಿ ತೋರಿಸಿದ, ಗಡಿಯಾರ ತೋರಿಸಿದ, ಕೊನೆಗೆ ಕೈ ಮುಗಿದ. ಅವರ ಚೀಲದಿಂದ ಕೀಲಿ ಕೊಟ್ಟರೆ ಸಾಕೆಂದು ಸನ್ನೆ ಮಾಡಿದ. ಮೇಡಂ ಚೀಲವನ್ನು ಎದೆಗವಚಿಕೊಂಡು, ಕೀಲಿ ಇರುವಲ್ಲಿ ನಾನಿರುತ್ತೇನೆ ಎಂಬರ್ಥದಲ್ಲಿ ಗುಡುಗಿ, ಆಫೀಸಿಗೆ ಆಟೋ ಹತ್ತಿದರು.

ನಾಲ್ಕೂಕಾಲಿಗೆ ಮೇಡಂ ತಮ್ಮ ಕುರ್ಚಿಯಲ್ಲಿ ಕೂತರು. ಪೊಟ್ಟಣ ಎಪ್ಪತ್ತೈದನ್ನು ಅವರ ಪರದೆಯ ಮೇಲೆ ತಂದಿಟ್ಟು, ಸಹಿ ಬೀಳುವ ಜಾಗವನ್ನು ಬೆರಳಿಟ್ಟು ತೋರಿಸಿದ.

ಆಗ ಅವನು ಕನಸಿನಲ್ಲೂ ಎಣಿಸದ ಘಟನೆಯೊಂದು ನಡೆಯಿತು. ಮೇಡಂ ಓದತೊಡಗಿದರು.

ಆರು ವರ್ಷಗಳಲ್ಲಿ ಮೊದಲ ಸಲ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಸುಮ್ಮನೆ ಕೂತ ಮನುಷ್ಯ ಇನ್ನೇನು ಮಾಡಬೇಕು? ಎಪ್ಪತ್ತೈದರ ಚೀಟಿ ಓದಿದರು. ಎಪ್ಪತ್ನಾಲ್ಕರದನ್ನು ತೆಗೆದು ಪಕ್ಕದಲ್ಲಿಟ್ಟು ಓದಿದರು. ಹುಬ್ಬು ಗಂಟಿಕ್ಕಿತು. ಬೆರಳು ಇಲ್ಲದ ಸಾಲಿನ ಜಾಗದಲ್ಲಿ ನಿಂತಿತು. ನಿಧಾನವಾಗಿ ಪೊಟ್ಟಣನತ್ತ ತಿರುಗಿದರು. ಬಾಯಲ್ಲಿ ಹತ್ತಿಯಿಲ್ಲದೆ ಇದ್ದಿದ್ದರೆ ಅವರು ಹೇಳುತ್ತಿದ್ದ ಮಾತು ಮೂರು ಮಹಡಿಗೆ ಕೇಳುತ್ತಿತ್ತು. ಈಗ ಕಣ್ಣಿನಲ್ಲಿ ಮಾತ್ರ ಕೇಳಿಸಿತು.

ಆದರೂ ದೊಡ್ಡ ಮನಸ್ಸಿನವರು. ಮೊದಲು ಬೆಂಕಿ ಆರಲಿ ಎಂದುಕೊಂಡು ಕೀಲಿ ಚುಚ್ಚಿ ಪಾಸ್‌ವರ್ಡಿಗೆ ಕೈಹಾಕಿದರು. ಇಲ್ಲೊಂದು ಗುಟ್ಟಿತ್ತು. ಆ ಪಾಸ್‌ವರ್ಡು ಮೇಡಂ ತಲೆಯಲ್ಲಿರಲಿಲ್ಲ, ತುಟಿಯಲ್ಲಿತ್ತು. ಒಂದೊಂದು ಅಕ್ಷರವನ್ನೂ ಸದ್ದಿಲ್ಲದೆ ತುಟಿಯಲ್ಲಿ ಮಣಮಣಿಸಿದರೆ ಮಾತ್ರ ಬೆರಳು ಮುಂದಕ್ಕೆ ಹೋಗುತ್ತಿತ್ತು. ಇವತ್ತು ತುಟಿ ಎಲ್ಲಿದೆ ಎಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಮೊದಲನೆಯ ಸಲ ತಪ್ಪಿತು. ಎರಡನೆಯ ಸಲ ಕೈಯಿಂದ ತುಟಿ ಹಿಡಿದುಕೊಂಡು ಪ್ರಯತ್ನಿಸಿದರು. ಆಗ ಟೈಪಿಸಲು ಒಂದೇ ಕೈ ಉಳಿದು ಮತ್ತೆ ತಪ್ಪಿತು. ಮೂರನೆಯ ಸಲ ಪೊಟ್ಟಣ ಕಣ್ಣು ಮುಚ್ಚಿಕೊಂಡ.

ಮೂರು ಸಲ ತಪ್ಪಿದರೆ ಕೀಲಿ ಒಂದು ಗಂಟೆ ಮುನಿಸಿಕೊಳ್ಳುತ್ತದೆ. ಗಡಿಯಾರದಲ್ಲಿ ನಾಲ್ಕೂವರೆ.

ಮೇಡಂ ಅವನ ತೋಳು ಹಿಡಿದು ಸಾಹೇಬರ ಕೋಣೆಗೆ ಎಳೆದುಕೊಂಡು ಹೋದರು. ಹಿಂದೆಯೇ ಡಂಗುರ, ಬಾಗಿಲಲ್ಲಿ ಕಿವಿಯಾಗಿ ನಿಂತ.

"ಏನ್ರೀ ಇದು?" ಎಂದರು ಸಾಹೇಬರು.

ಪೊಟ್ಟಣ ಹೇಳಿದ. ಬಾಯಿಂದ ಬಂದದ್ದು ಮುಳುಗುವವನು ನೀರಿನಡಿಯಿಂದ ಕೂಗುವ ಸದ್ದು. ಸಾಹೇಬರು ಮೇಡಂ ಕಡೆ ನೋಡಿದರು. ಅಲ್ಲಿಂದಲೂ ಅದೇ ಸದ್ದು, ಇನ್ನೊಂದು ಶ್ರುತಿಯಲ್ಲಿ.

"ಬರೆದು ಕೊಡಿ," ಎಂದು ಸಾಹೇಬರು ಕಾಗದ ತಳ್ಳಿದರು.

ಗುಮಾಸ್ತರ ಮುಖ ಪೊಟ್ಟಣನ ಕಣ್ಣೆದುರು ಬಂತು. ಗಡಿಯಾರವೂ ಬಂತು. ನಾನೂರ ಹನ್ನೆರಡು ತೊಟ್ಟಿಲುಗಳೂ ಬಂದವು. ಬರೆದ. ದಿನಾಂಕ ಹಾಕಿ, ಅಭ್ಯಾಸಬಲದಿಂದ ಸಹಿಯನ್ನೂ ಹಾಕಿದ.

ಸಾಹೇಬರು ಓದಿದರು. ಎಂಥ ಕಷ್ಟ ಬಂದರೂ ಎದುರಿಗಿರುವವರಿಗೆ 'ಮೊದಲು ಕೂತ್ಕೊಳ್ಳಿ' ಎನ್ನುವುದು ಅವರ ರೂಢಿ. ಈಗ ಹಾಗೆಂದು, ತಾವೇ ಕೂತರು. ಆಗಲೇ ಕೂತಿದ್ದದ್ದು ಅವರಿಗೆ ಮರೆತಿತ್ತು. ಕುರ್ಚಿಯಿಂದ ಇನ್ನಷ್ಟು ಕೆಳಕ್ಕಿಳಿದಂತಾಯಿತು.

"ಕೆಳಗೆ ನಡೀರಿ. ವೈರ್ ಕಿತ್ತುಹಾಕೋಣ."

ತಣ್ಣನೆಯ ಕೋಣೆಯ ಉಸ್ತುವಾರಿ ಬೇಸಿಗೆ ಚಳಿಗಾಲವೆನ್ನದೆ ಸ್ವೆಟರು ತೊಡುತ್ತಿದ್ದುದರಿಂದ ಅವನ ಹೆಸರೇ 'ಸ್ವೆಟರ್'. ಹೇಳಿದ್ದನ್ನು ಹೇಳಿದಂತೆ ಮಾಡುವವನು, ಹೇಳದ್ದನ್ನು ಮಾಡದವನು. ಅವನ ಮುಂದೆ ದೊಡ್ಡ ಪರದೆಯ ಮೇಲೆ ನಾನೂರ ಹನ್ನೆರಡು ಹಸಿರು ದೀಪಗಳು ಮಿನುಗುತ್ತಿದ್ದವು.

"ಕಪಾಟಿನ ವೈರ್ ಯಾವುದಪ್ಪ? ಬೇಗ ಕೀಳು!"

"ಕಪಾಟಿಗೆ ವೈರ್ ಇಲ್ಲ ಸಾರ್."

"ವೈರ್ ಇಲ್ಲದೆ ಹೇಗೆ ನಡೆಯುತ್ತೆ?"

"ಅದೂ ಒಂದು ಅತಿಥೀನೇ ಸಾರ್. ಅದು ಇಲ್ಲ, ಅದರ ವೈರ್ ಎಲ್ಲಿರುತ್ತೆ? ಅದನ್ನ ಹೊತ್ತಿರೋ ದೊಡ್ಡ ಯಂತ್ರದ್ದು ಕೀಳಬೇಕು. ಕಿತ್ರೆ ಅದರಲ್ಲಿರೋ ಐವತ್ತೆರಡೂ ದಬಕ್ ಅಂತ ನಿಂತುಹೋಗ್ತಾವೆ. ನಮ್ಮ ಸಂಬಳದ್ದೂ ಅದರಲ್ಲೇ ಇದೆ. ಕೀಳಲಾ?"

ಸಾಹೇಬರ ಚಾಚಿದ ಕೈ ವಾಪಸಾಯಿತು. "ಐದು ನಿಮಿಷ ಯೋಚನೆ ಮಾಡೋಣ," ಎಂದರು.

ಇದ್ದದ್ದು ನಾಲ್ಕು.

ಪೊಟ್ಟಣ ಗೋಡೆಗೊರಗಿ ನಿಂತ. ಚಳಿಗೋ ಹೆದರಿಕೆಗೋ ಹಲ್ಲು ಕಟಕಟ ಎನ್ನುತ್ತಿತ್ತು, ಹೊಸ ಸಿಮೆಂಟಿನದೂ ಸೇರಿ. ಯಂತ್ರಗಳ ಗುಂಯ್ ಸದ್ದಿನಲ್ಲಿ ಅವನಿಗೆ ಷಡ್ಡಕನ ದನಿ, ಡಾಕ್ಟರ ದನಿ, ಅಂಕಪಟ್ಟಿ ಕಳೆದುಕೊಂಡ ಮಕ್ಕಳ ದನಿ ಎಲ್ಲ ಕೇಳಿಸಿದವು. ಮಕ್ಕಳ ದನಿ ಮಾತ್ರ ಸಂತೋಷದ್ದಾಗಿತ್ತು.

ಐದು ಹೊಡೆಯಿತು.

ಮೂಲೆಯಲ್ಲಿ ಒಂದು ದೀಪ ಕೆಂಪಾಯಿತು. ಮೇಡಂ ಪೊಟ್ಟಣನ ತೋಳನ್ನು ಉಗುರಿಳಿಯುವಂತೆ ಹಿಡಿದರು. ಸಾಹೇಬರು ಕಣ್ಣು ಮುಚ್ಚಿದರು. ಡಂಗುರ, ಬಹುಶಃ ಹುಟ್ಟಿದಂದಿನಿಂದ ಮೊದಲ ಸಲ, ಬಾಯಿ ಮುಚ್ಚಿದ.

ಐದು ಒಂದು. ಐದು ಮೂರು. ಐದು ಹತ್ತು. ಉಳಿದ ನಾನೂರ ಹನ್ನೊಂದು ದೀಪಗಳು ಹಸಿರಾಗಿ, ಏನೂ ತಿಳಿಯದ ಹಸುಗೂಸುಗಳಂತೆ ಮಿನುಗುತ್ತಲೇ ಇದ್ದವು.

"ಆ ಕೆಂಪಾಗಿದ್ದು ಯಾರದ್ದು?" ಸಾಹೇಬರ ದನಿ ಪಿಸುಗುಟ್ಟಿತು.

ಸ್ವೆಟರ್ ಪಟ್ಟಿ ನೋಡಿದ. "ನಾನೂರ ಹನ್ನೆರಡನೇದು. ಪೊಟ್ಟಣ ಸಾರ್ ಪರೀಕ್ಷೆ ಮಾಡೋಕೆ ಇಟ್ಕೊಂಡಿರೋದು."

ಎಲ್ಲರೂ ಮೇಲಕ್ಕೋಡಿ ಪೊಟ್ಟಣನ ಮೇಜನ್ನು ಸುತ್ತುವರಿದರು. ಅವನ ಪರದೆಯಲ್ಲಿ ಏನೂ ಇರಲಿಲ್ಲ. ಆರು ವರ್ಷಗಳ ಬರಹ, ಟಿಪ್ಪಣಿ, ಮಗಳ ಹುಟ್ಟುಹಬ್ಬದ ಪಟ, ಎಲ್ಲವನ್ನೂ ಎಪ್ಪತ್ನಾಲ್ಕನೆಯ ಪೊಟ್ಟಣ ಗುಡಿಸಿ ಒರೆಸಿ ಹೋಗಿತ್ತು.

"ಇದಕ್ಕೆ ಮಾತ್ರ ಯಾಕೆ ಆಯ್ತು? ಮಿಕ್ಕಿದ್ದಕ್ಕೆ ಯಾಕೆ ಆಗಲಿಲ್ಲ?" ಎಂದರು ಸಾಹೇಬರು.

ಸ್ವೆಟರ್ ಕೆಮ್ಮಿದ. "ಆರು ವರ್ಷದ ಹಿಂದೆ ಕಪಾಟನ್ನ ಬೇರೆ ವಿಳಾಸಕ್ಕೆ ಬದಲಾಯಿಸಿದ್ರಲ್ಲ ಸಾರ್. ಅತಿಥಿಗಳಿಗೆ ಹೊಸ ವಿಳಾಸ ಹೇಳಬೇಕು, ಕಾಗದ ಬರುತ್ತೆ, ಬಂದ ಮೇಲೆ ಹೇಳು ಅಂದಿದ್ರಿ. ಕಾಗದ ಬರಲಿಲ್ಲ. ನಾನು ಹೇಳಲಿಲ್ಲ. ಇವರ ಪರೀಕ್ಷೆಯದಕ್ಕೆ ಮಾತ್ರ ಇವರೇ ಹೇಳ್ಕೊಂಡಿದ್ರು."

"ಅಂದ್ರೆ ಮಿಕ್ಕಿದ್ದೆಲ್ಲ?"

"ದಿನಾ ಐದು ಗಂಟೆಗೆ ಹಳೇ ವಿಳಾಸಕ್ಕೆ ಹೋಗಿ ಬಾಗಿಲು ತಟ್ತಾವೆ. ಯಾರೂ ತೆಗೆಯಲ್ಲ. ವಾಪಸ್ ಬರ್ತಾವೆ. ಪಾಪ, ಒಳ್ಳೇ ಶಿಸ್ತು."

"ಇದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ಯಾರೂ ಕೇಳಲಿಲ್ಲ."

ಪೊಟ್ಟಣನ ತಲೆಯಲ್ಲಿ ಎಪ್ಪತ್ನಾಲ್ಕು ಪೊಟ್ಟಣಗಳು ಸಾಲಾಗಿ ಹಾದುಹೋದವು. ಅಷ್ಟನ್ನೂ ಕಟ್ಟಿದವನು ಅವನು. ಅಷ್ಟನ್ನೂ ಬಿಚ್ಚಿಕೊಂಡವನೂ ಅವನೊಬ್ಬನೇ. ಒಂದೇ ಒಂದು ದೂರು ಬಾರದ್ದೇಕೆ ಎಂಬುದು ಈಗ ಅರ್ಥವಾಯಿತು. ಆದರೂ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಕೆಳಗಿಳಿಯಿತು. ಯಾರಿಗೂ ಏನೂ ಆಗಿಲ್ಲ! ಡಾಕ್ಟರ ಹಲ್ಲುಗಳಿವೆ, ಷಡ್ಡಕನ ಕಣ್ಣುಗಳಿವೆ. ಮರಗಟ್ಟಿದ ತುಟಿಯ ಒಂದು ಕೊನೆಯಲ್ಲಿ ನಗುವಿನಂಥದ್ದೇನೋ ಮೂಡಿತು.

"ಆ ಕಾಗದ ಕಳಿಸಬೇಕಾಗಿದ್ದವರು ಯಾರು?" ಎಂದು ಸಾಹೇಬರು ಮೇಜು ಗುದ್ದಿದರು.

ಆರು ವರ್ಷ ಅಲ್ಲಾಡದ ಮೇಜು ಒಂದು ಕಡೆಗೆ ವಾಲಿತು. ಮೇಲಿದ್ದ ನೀರಿನ ಲೋಟ ಜಾರುತ್ತಾ ಬಂದು ಸಾಹೇಬರ ಹೊಟ್ಟೆಗೆ ತಾಗಿ ನಿಂತಿತು. ಅಚ್ಚುಕಟ್ಟಿನ ಮನುಷ್ಯನಾದ ಸ್ವೆಟರ್ ಬಗ್ಗಿ, ಕಾಲಿನಡಿಯಿಂದ ಪಕ್ಕಕ್ಕೆ ಜಾರಿದ್ದ ಕಾಗದವನ್ನು ಎತ್ತಿ, ಸರಿಯಾಗಿ ಮಡಚಿಡೋಣವೆಂದು ಬಿಚ್ಚಿದ. ಬಿಚ್ಚಿದವನು ಓದಿದ. ಓದಿದವನು ಗದ್ಗದಿತನಾದ.

"ಬಂತು ಸಾರ್! ಕಾಗದ ಬಂತು!"

ಕಪಾಟಿನ ಹೊಸ ವಿಳಾಸ ಅದರಲ್ಲಿತ್ತು. 'ಇಂದೇ ತಣ್ಣನೆಯ ಕೋಣೆಗೆ ಮುಟ್ಟಿಸತಕ್ಕದ್ದು' ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಕೆಳಗೆ, 'ಮುಟ್ಟಿಸಲು ಪಡೆದುಕೊಂಡಿದ್ದೇನೆ' ಎಂಬ ಮಾತಿನ ಮುಂದೆ, ಕೆಲಸಕ್ಕೆ ಸೇರಿದ ಮೊದಲ ದಿನದ ಉತ್ಸಾಹದಲ್ಲಿ ಹಾಕಿದ ಪೊಟ್ಟಣನ ದುಂಡು ಸಹಿ.

ಕಾಗದ ಕೈಯಿಂದ ಕೈಗೆ ದಾಟಿತು. ಮೊದಲು ಹೊಳೆದದ್ದು ಡಂಗುರನಿಗೆ.

"ಸಾರ್, ಈ ಕಾಗದ ಅವತ್ತೇ ಮುಟ್ಟಿದ್ರೆ ಇವತ್ತು ನಾನೂರ ಹನ್ನೆರಡೂ ಹೋಗಿರೋದು! ಎಲ್ಲರನ್ನೂ ಉಳಿಸಿದ್ದು ನಮ್ಮ ಪೊಟ್ಟಣಾನೇ!"

ಸಾಹೇಬರು ಬಹಳ ಹೊತ್ತು ಯೋಚಿಸಿದರು. ನ್ಯಾಯವಂತರು. ಪೊಟ್ಟಣ ಬರೆದುಕೊಟ್ಟಿದ್ದ ತಪ್ಪೊಪ್ಪಿಗೆಯನ್ನು ಜೇಬಿನಿಂದ ತೆಗೆದು, ಎಲ್ಲರೂ ನೋಡುವಂತೆ ಹರಿದು ಬುಟ್ಟಿಗೆ ಹಾಕಿದರು.

"ಒಂದು ಸಾಲು ಅಳಿಸಿದ್ದಕ್ಕೆ ಗಿರಾಕಿಗಳಿಗೆ ನಷ್ಟ ಆಗಿಲ್ಲ. ತಾವಾಗೇ ಬಂದು ಒಪ್ಕೊಂಡಿದೀರಿ. ಅದಕ್ಕೆ ಮೆಮೊ ಇಲ್ಲ."

ಪೊಟ್ಟಣ ಕೈ ಮುಗಿದ.

"ಆದ್ರೆ ಕಚೇರಿ ಕಾಗದಾನ ಆರು ವರ್ಷ ಮೇಜಿನ ಕಾಲಿಗೆ ಕೊಟ್ಟಿದ್ದೀರಲ್ಲ, ಅದಕ್ಕೆ ಇದೆ."

ಐದೂವರೆಗೆ ಕೀಲಿಯ ಮುನಿಸು ಇಳಿಯಿತು. ಎಪ್ಪತ್ನಾಲ್ಕನೆಯ ಪೊಟ್ಟಣವನ್ನು ಕಪಾಟಿನಿಂದ ತೆಗೆದು ಹಾಕಿದರು. ಐದೂಮುಕ್ಕಾಲಿಗೆ ಮೂರನೆಯ ಮೆಮೊ ಟೈಪಾಗಿ ಬಂತು. ಅದಕ್ಕೆ ಸಹಿ ಮೇಡಂ ಸಹಿಯೂ ಬೇಕಿತ್ತು. ಅವರು ಓದಿದರೆ ಎರಡು ಮಾತು ತನ್ನ ಪರವಾಗಿ ಆಡಿಯಾರೆಂದು ಪೊಟ್ಟಣ ಆಸೆಯಿಂದ ನೋಡಿದ. ಆದರೆ ಅಷ್ಟರಲ್ಲಿ ಮೇಡಂಗೆ ಬಾಯಿ ವಾಪಸು ಬಂದಿತ್ತು. ಹಲ್ಲು ಕೀಳುವಾಗ ಡಾಕ್ಟರು ಮೊಣಕಾಲು ಊರಿದ್ದು ಹೇಗೆಂದು ಡಂಗುರನಿಗೆ ವಿವರಿಸುತ್ತಾ, ಒಂದು ಅಕ್ಷರವನ್ನೂ ಓದದೆ ಸಹಿ ಹಾಕಿದರು.

ಎಲ್ಲರೂ ಹೋದ ಮೇಲೆ ಪೊಟ್ಟಣ ತನ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡ. ಪ್ರತಿಯೊಂದನ್ನು ಎತ್ತಿದಾಗಲೂ ಮೇಜು ಟಕ್ ಟಕ್ ಎನ್ನುತ್ತಿತ್ತು. ಹಳೆಯ ಕಾಗದವನ್ನು ಸ್ವೆಟರ್ ಕಣ್ಣಿಗೊತ್ತಿಕೊಂಡು ಕೆಳಗೆ ಒಯ್ದಿದ್ದ. ಪೊಟ್ಟಣ ಅತ್ತಿತ್ತ ನೋಡಿ, ಮೆಮೊವನ್ನು ನಾಲ್ಕಾಗಿ ಮಡಚಿ ಮೇಜಿನ ಕಾಲಿನಡಿಗೆ ಸೇರಿಸಿ, ಮನೆಗೆ ಹೋದ.

ಮೇಜು ಈಗ ಅಲ್ಲಾಡುವುದಿಲ್ಲ.